ನೇಪಾಳಕ್ಕೆ ಹೊರಟ ಚಿಕ್ಕಮ್ಮನಿಗೆ, ನೀರಿನ ವಿಷಯ

ಚಿಕ್ಕಮ್ಮ, ಬಾಟಲಿ ನೀರನ್ನೇ ಕುಡಿದರೆ ಮುಕ್ತಿನಾಥಕ್ಕೆ ಹೋಗಿ ಬರುವವರೆಗೆ ಹೊಟ್ಟೆಗೆ ಏನೂ ಆಗಲ್ಲ ಅಲ್ವಾ ಅಂತ ಬೆಳಿಗ್ಗೆ ಕೇಳಿದ್ದಿರಿ. ಕಠ್ಮಂಡುವಿನಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಹಗಲೆಲ್ಲಾ ಸೀಲ್ ನೋಡಿ ನೋಡಿ ಬಾಟಲಿ ತಗೊಂಡೆ, ರಾತ್ರಿ ಹೋಟೆಲಿನ ನಲ್ಲಿ ನೀರಿನಲ್ಲೇ ಹಲ್ಲುಜ್ಜಿ ಬಾಯಿ ಮುಕ್ಕಳಿಸಿದೆ! ಮೋಮೋ ಕೂಡ ತಿಂದಿದ್ದೆ, ಅದು ಹಬೆಯಾಡುತ್ತಲೇ ಬಂದಿತ್ತು, ಪಕ್ಕದ ಚಟ್ನಿ ಮಾತ್ರ ಯಾವಾಗಿನಿಂದ ಹೊರಗಿತ್ತೋ. ಯಾವುದರಿಂದ ಆಯಿತೋ, ಎರಡು ದಿನ ರೂಮು ಬಿಟ್ಟು ಆಚೆ ಬರಲಿಲ್ಲ. ಪಶುಪತಿನಾಥನ ದರ್ಶನವೂ ತಪ್ಪಿತು.

ಪಾನಿಪೂರಿ ಕಂಡರೆ ನಿಮ್ಮ ಕಾಲು ಮುಂದೆ ಹೋಗಲ್ಲ ಅಂತ ಗೊತ್ತು, ಆದರೆ ಅಲ್ಲಿ ಬೇಡ. 2022ರ ಜೂನ್‌ನಲ್ಲಿ ಕಾಲರಾ ಕಾಣಿಸಿಕೊಂಡಾಗ ಪಕ್ಕದ ಲಲಿತಪುರದ ಮಹಾನಗರ ಪಾಲಿಕೆಯವರು ಪಾನಿಪೂರಿ ಮಾರುವುದನ್ನೇ ನಿಲ್ಲಿಸಿದ್ದರು. ನೀವು ಹೋಗುವುದು ಸೆಪ್ಟೆಂಬರ್ ಮೊದಲ ವಾರ, ಮಳೆ ಇನ್ನೂ ಮುಗಿದಿರುವುದಿಲ್ಲ. ಹೆಚ್ಚಿದ ಸೌತೆಕಾಯಿ, ಐಸ್ ಹಾಕಿದ ಜ್ಯೂಸ್ ಇವೂ ಬೇಡ. ಬಿಸಿ ಬಿಸಿ ದಾಲ್ ಭಾತ್ ಎಷ್ಟು ಬೇಕಾದರೂ ತಿನ್ನಿ.

ನೀರಿಗೆ ಹಾಕುವ ಕ್ಲೋರಿನ್ ಮಾತ್ರೆ ಇದೆಯಲ್ಲ ಅಂತ ಚಿಕ್ಕಪ್ಪ ಹೇಳಬಹುದು. ಸೈಕ್ಲೋಸ್ಪೋರಾ ಅಂತ ಒಂದು ಪರೋಪಜೀವಿ ಇದೆ, ನೇಪಾಳದಲ್ಲಿ ಮಳೆಗಾಲದಲ್ಲಿ ಅದರ ಕಾಟ ಜಾಸ್ತಿ, ಮಾತ್ರೆಗೆಲ್ಲ ಜಗ್ಗುವುದಿಲ್ಲ. ಕುದಿಸಿದರೆ ಸಾಯುತ್ತದೆ. ಆದರೆ ಮುಕ್ತಿನಾಥ ಸುಮಾರು 3,700 ಮೀಟರ್ ಎತ್ತರ, ಅಲ್ಲಿ ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತದೆ. ನಮ್ಮೂರಲ್ಲಿ ಒಂದು ನಿಮಿಷ ಕೊತಕೊತ ಕುದಿಸಿದರೆ ಸಾಕು, 2,000 ಮೀಟರ್ ದಾಟಿದ ಮೇಲೆ ಮೂರು ನಿಮಿಷ ಬೇಕು. ಫ್ಲಾಸ್ಕ್ ಒಯ್ಯಿರಿ, ಲಾಡ್ಜಿನವರ ಮುಂದೆ ನಿಂತೇ ತುಂಬಿಸಿಕೊಳ್ಳಿ, ಸಂಕೋಚ ಬೇಡ.

ಇನ್ನು ದೇವಸ್ಥಾನದ 108 ಧಾರೆ. ತಲೆಯೊಡ್ಡಿ ನೆನೆಯಿರಿ, ಬಾಯಿಗೆ ಮಾತ್ರ ಬೇಡ. ತೀರ್ಥಕ್ಕೂ ಹೀಗಂತಾನಲ್ಲ ಅಂತ ಅತ್ತೆ ಬಯ್ಯುತ್ತಾರೆ, ಬಯ್ಯಲಿ. ಬಾಟಲಿಯಲ್ಲಿ ತಂದು ಇಲ್ಲಿ ಕುದಿಸಿ ಕೊಟ್ಟರೆ ನಾನೇ ಮೊದಲು ಕುಡಿಯುತ್ತೇನೆ.

ಓಆರ್‌ಎಸ್ ಪ್ಯಾಕೆಟ್ ಹತ್ತಾದರೂ ಇರಲಿ. ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಿಕ್ಕ ಚಮಚ ಸಕ್ಕರೆ, ಅದೇ ಚಮಚದಲ್ಲಿ ಅರ್ಧ ಚಮಚ ಉಪ್ಪು, ಮಟ್ಟವಾಗಿ ಅಳೆದು ಹಾಕಿ. ಜ್ವರ ಬಂದರೆ, ರಕ್ತ ಕಂಡರೆ ಭೇದಿ ನಿಲ್ಲಿಸುವ ಮಾತ್ರೆ ಸುಮ್ನೆ ನುಂಗಬೇಡಿ, ಡಾಕ್ಟರ ಹತ್ತಿರ ಹೋಗಿ. ಟೈಫಾಯ್ಡ್ ಇಂಜೆಕ್ಷನ್ ಹೊರಡುವ ಎರಡು ವಾರ ಮೊದಲೇ ಆಗಿರಬೇಕು, ಈ ಶನಿವಾರವೇ ಹೋಗಿ ಕೇಳಿ. ಚಿಕ್ಕಪ್ಪನಿಗೆ ಶುಗರ್ ಇದೆ, ಅವರನ್ನೂ ಎಳೆದುಕೊಂಡು ಹೋಗಿ.