ಅಪ್‌ಡೇಟ್: ಅಜ್ಜನ ಮರ ಕಡೆಯುವ ಲೇಥ್ ಯಾವುದೆಂದು ಗೊತ್ತಾಯಿತು

ಬೆಳಗಾವಿಯ ನಮ್ಮ ಮನೆ ಹಿತ್ತಲಲ್ಲಿ ಬಿದ್ದಿದ್ದ, ನೇಮ್‌ಪ್ಲೇಟ್ ಇಲ್ಲದ ಲೇಥ್ (ಮರವನ್ನು ತಿರುಗಿಸುತ್ತಾ ಉಳಿಯಿಂದ ಕಡೆಯುವ ಯಂತ್ರ) ಬಗ್ಗೆ ಹೋದ ತಿಂಗಳು ಕೇಳಿದ್ದೆನಲ್ವಾ? ಯಾವ ಕಂಪನಿಯದು, ಅದಕ್ಕೆ ಚಕ್ (ಮರವನ್ನು ಕಚ್ಚಿ ಹಿಡಿಯುವ ಭಾಗ) ಸಿಗುತ್ತದಾ ಅಂತ.

ನೀವು ಹೇಳಿದ ಹಾಗೆ, ತಿರುಗುವ ದಂಡವನ್ನು ಹಿಡಿದಿರುವ ಎಡಗಡೆಯ ಭಾಗದ, ಅಂದರೆ ಹೆಡ್‌ಸ್ಟಾಕಿನ ಬಣ್ಣ ಕೆರೆದೆ. ಮೂರು ಪದರ ಬಣ್ಣ! ಕೆಳಗೆ ಎರಕದ ಅಕ್ಷರ: ಮೈಫೋರ್ಡ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹತ್ತಿರದ ಬೀಸ್ಟನ್ನಿನಲ್ಲಿ ತಯಾರಾಗುತ್ತಿದ್ದ ಲೇಥ್. ಕೊಳವೆಯಂಥ ಗುಂಡನೆ ಬೆಡ್ (ಉಳಿದ ಭಾಗಗಳು ಕೂರುವ ಉದ್ದನೆಯ ತಳ) ನೋಡಿದರೆ ಎಂಎಲ್8 ಮಾಡೆಲ್ಲೇ.

ಮರದ ತುದಿಗೆ ಒತ್ತಿ ಹಿಡಿಯುವ ಚೂಪು ತುಂಡು, ಅಂದರೆ ಸೆಂಟರ್, ಸುಲಭವಾಗಿ ಸಿಕ್ಕಿತು. ಒಂದನೇ ನಂಬರಿನ ಮೋರ್ಸ್ ಟೇಪರ್ (ಒಂದು ತುದಿಗೆ ಸಪೂರವಾಗುತ್ತಾ ಹೋಗುವ ಬುಡದ ನಿಗದಿತ ಅಳತೆ), ಅಗಲದ ತುದಿ ಸುಮಾರು 12 ಮಿ.ಮೀ. ತೊಂದರೆ ಕೊಟ್ಟಿದ್ದು ಚಕ್. ಚಕ್ಕನ್ನು ಸ್ಪಿಂಡಲ್‌ಗೆ (ತಿರುಗುವ ದಂಡಕ್ಕೆ) ಕೂರಿಸುವ ಒಂದಿಂಚಿನ ಅಡಾಪ್ಟರ್ ಅಂತ ಅಂಗಡಿಯವರು ಕೊಟ್ಟರು, ನಾನೂ ಸುಮ್ನೆ ತಂದೆ. ಅರ್ಧ ಸುತ್ತು ತಿರುಗುವಷ್ಟರಲ್ಲೇ ಬಿಗಿಯಾಯಿತು. ಥ್ರೆಡ್ ಗೇಜ್ (ಸ್ಕ್ರೂ ಎಳೆ ಅಳೆಯುವ ಸಾಧನ) ಹಿಡಿದಾಗ ಗೊತ್ತಾಯಿತು: ಸ್ಪಿಂಡಲ್‌ನಲ್ಲಿ ಇಂಚಿಗೆ 12 ಎಳೆ, ಅಡಾಪ್ಟರಿನಲ್ಲಿ 8. ಜೋರು ಮಾಡಿದ್ದರೆ ಸ್ಪಿಂಡಲ್ಲೇ ಹೋಗುತ್ತಿತ್ತು.

ಕೊನೆಗೆ ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಬ್ಬ ಟರ್ನರ್ (ಲೇಥ್ ಕೆಲಸಗಾರ) ಹತ್ತಿರ ಹೊಸ ಅಡಾಪ್ಟರ್ ಕಡೆಸಿದೆ. ಮಾಪು ಬರೆದುಕೊಂಡು ಹೋಗಿದ್ದೆ, ಆತ ನೋಡಲೇ ಇಲ್ಲ. "ಹೆಡ್‌ಸ್ಟಾಕೇ ತಗೊಂಡ್ ಬರ್ರಿ" ಎಂದರು. ಸ್ಪಿಂಡಲ್‌ಗೇ ತಿರುಗಿಸಿ, ತೆಗೆದು, ಮತ್ತೆ ಒಂದು ಕೂದಲೆಳೆ ಕಡೆದು ಕೂರಿಸಿದರು. ಬೆಣ್ಣೆಯ ಹಾಗೆ ಹತ್ತಿತು.

ಸ್ಪಿಂಡಲ್ಲಿನ ಎಡಗಡೆ ತುದಿಯ ಥ್ರೆಡ್ ಉಲ್ಟಾ ಇದೆ, ಅದು ಸವೆತವಲ್ಲ. ಆ ಬದಿಯಲ್ಲಿ ಬಟ್ಟಲು ಕಡೆಯುವಾಗ ಮರ ಕೂರಿಸಿದ ಪ್ಲೇಟ್ ತಾನೇ ಬಿಚ್ಚಿಕೊಳ್ಳಬಾರದಲ್ಲ, ಅದಕ್ಕೆ.

ನಿನ್ನೆ ಬೇವಿನ ತುಂಡಿನಲ್ಲಿ ಒಂದು ಲಟ್ಟಣಿಗೆ ಕಡೆದೆ. ಸ್ವಲ್ಪ ಸೊಟ್ಟ. ಬೆಲ್ಟ್ ಇನ್ನೂ ಹಳೆಯದೇ, ಜಾರುತ್ತಿದೆ.