ನಂಜುಂಡನ ಹರಕೆಯೂ ಮೂರ್ಛೆ ಮಾತ್ರೆಯೂ: ಎರಡನ್ನೂ ನಂಬಿದರೆ ತಪ್ಪಾ?

ಮಳವಳ್ಳಿ ಸೊಸೆ: ನನಗೆ 12 ವರ್ಷದಿಂದ ಮೂರ್ಛೆ ಇದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಲೆವೆಟಿರಾಸೆಟಮ್. ಮಾತ್ರೆ ಡಬ್ಬಿ ದೇವರ ಗೂಡಿನಲ್ಲೇ ಇಟ್ಟಿದ್ದೇನೆ. ದೀಪ ಹಚ್ಚಿ, ಕುಂಕುಮದ ಕೈಯಲ್ಲೇ ಮಾತ್ರೆ ನುಂಗುತ್ತೇನೆ, ಹಾಗಾಗಿ ಮರೆಯುವುದಿಲ್ಲ. ಸೋಮವಾರ ಒಪ್ಪತ್ತು ಇದ್ದರೂ ಮಾತ್ರೆ ಬಿಡಲ್ಲ. ನಂಜನಗೂಡಿಗೆ ಹೋಗಿ ಬಂದರೆ ಧೈರ್ಯ ಬರುತ್ತೆ. ಆ ಧೈರ್ಯ ಇಲ್ಲದಿದ್ದರೆ, ಒಲೆ ಮುಂದೆ ಬಿದ್ದು ಕೈ ಸುಟ್ಟುಕೊಂಡ ದಿನವೇ ಚಿಕಿತ್ಸೆ ಸಾಕು ಅಂದುಬಿಡುತ್ತಿದ್ದೆ. ಇದರಲ್ಲಿ ತಪ್ಪೇನಿದೆ?

ನೇರ ಮಾತು: ತಪ್ಪಿಲ್ಲ ಅಂತ ಶುರುವಾಗಿ ಕೊನೆಗೆ ಮಾತ್ರೆ ಬಿಡಿಸುವವರೇ ಜಾಸ್ತಿ. ನಮ್ಮ ಚಿಕ್ಕಪ್ಪನ ಮಗನಿಗೆ ತಾಯತ ಕಟ್ಟಿ "ಇನ್ನು ಮಾತ್ರೆ ಬೇಡ" ಅಂದರು. ಹತ್ತೇ ದಿನ. ಒಂದರ ಹಿಂದೆ ಒಂದು ಫಿಟ್ಸ್ ಬಂದು ಐಸಿಯು ಸೇರಿದ. ಸರಿಯಾಗಿ ಪತ್ತೆ ಹಚ್ಚಿ ಚಿಕಿತ್ಸೆ ಕೊಟ್ಟರೆ ನೂರಕ್ಕೆ 70 ಜನರವರೆಗೆ ಫಿಟ್ಸ್ ಇಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಗುರುಕೃಪೆ: 70 ಅಂದಿರಲ್ಲ, ಉಳಿದ 30 ಜನ ಎಲ್ಲಿಗೆ ಹೋಗಬೇಕು? ಪಟ್ಟದಾನೆಯ ಕಣ್ಣು ವಾಸಿಯಾಗಿ ಟಿಪ್ಪುವೇ "ಹಕೀಮ ನಂಜುಂಡ" ಅಂದ ಅಂತ ಪ್ರತೀತಿ ಇದೆ. ಕಪಿಲೆಯಲ್ಲಿ ಮೂರು ಸಲ ಮುಳುಗಿ, ಉರುಳು ಸೇವೆ ಮಾಡಿ ಬನ್ನಿ. ಆಮೇಲೆ ಮಾತಾಡಿ.

ವಾರ್ಡ್ ಅಕ್ಕ: ಮುಳುಗಿ ಅಂತ ದಯವಿಟ್ಟು ಯಾರಿಗೂ ಹೇಳಬೇಡಿ. ನೀರೊಳಗೆ ಫಿಟ್ಸ್ ಬಂದರೆ ಮೊಣಕಾಲುದ್ದ ನೀರಲ್ಲೂ ಜೀವ ಹೋಗುತ್ತೆ. ಮೆಟ್ಟಿಲ ಮೇಲೆ ಕೂತು ಚೊಂಬಿನಲ್ಲಿ ಹುಯ್ದುಕೊಳ್ಳಲಿ, ಪಕ್ಕದಲ್ಲಿ ಒಬ್ಬರು ಇರಲಿ. ನಮ್ಮ ಸೀಮೆಯಲ್ಲಂತೂ ಬಿಸಿನೀರು ತಲೆಗೆ ಬಿದ್ದರೇ ಬರುವ ಮೂರ್ಛೆಯೂ ಇದೆ.

ಗುರುಕೃಪೆ: ಬಿಸಿನೀರಿಗೆ ಮೂರ್ಛೆ ಬರುತ್ತಾ? ನಮ್ಮಜ್ಜಿ ಹಂಡೆಗಟ್ಟಲೆ ಸುಡುನೀರು ಹುಯ್ದು ಏಳು ಮಕ್ಕಳನ್ನು ಸಾಕಿದಳು. ಒಬ್ಬರಿಗೂ ಏನೂ ಆಗಲಿಲ್ಲ. ಸುಮ್ನೆ ಹೆದರಿಸಬೇಡಿ.

ವಾರ್ಡ್ ಅಕ್ಕ: ನಿಮ್ಮಜ್ಜಿ ಮನೆಯಲ್ಲಿ ಇಲ್ಲ ಅಂದರೆ ಊರಲ್ಲೇ ಇಲ್ಲ ಅಂತಲ್ಲ. ನಿಮ್ಹಾನ್ಸ್ ವೈದ್ಯರು ಇದರ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ. ಯಳಂದೂರಿನ ಹಳ್ಳಿಗಳ ಸಮೀಕ್ಷೆಯಲ್ಲೂ ಸಿಕ್ಕಿದೆ. ಸುಡುನೀರು ಬೇಡ, ಬೆಚ್ಚಗಿನ ನೀರನ್ನು ಮೊದಲು ಮೈಗೆ, ಆಮೇಲೆ ತಲೆಗೆ ಹುಯ್ದುಕೊಳ್ಳಲಿ. ಕೆಲವರಿಗೆ ತಲೆಸ್ನಾನಕ್ಕೆ ಮುಂಚೆ ಫಿಟ್ಸ್ ತಡೆಯುವ ಕ್ಲೋಬಜಾಮ್ ಮಾತ್ರೆ ಬರೆದುಕೊಡುತ್ತಾರೆ.

ಚಾಮರಾಜನಗರ ಮೇಷ್ಟ್ರು: ನನ್ನ ಮಗನಿಗೆ ಇದೇ ಇತ್ತು. ಭಾನುವಾರ ಎಣ್ಣೆಸ್ನಾನ. ನಾಲ್ಕನೇ ಚೊಂಬಿಗೆ ಕಣ್ಣು ಒಂದೇ ಕಡೆ ನಿಲ್ಲುತ್ತಿತ್ತು. ಕೂಗಿದರೂ ಕೇಳಿಸದೆ, ಕೈ ಮಾತ್ರ ನೀರು ಮೊಗೆದು ಹುಯ್ದುಕೊಳ್ಳುತ್ತಲೇ ಇರುತ್ತಿತ್ತು. ಬಚ್ಚಲಲ್ಲಿ ಗಾಳಿ ಸೋಕಿದೆ ಅಂತ ಎರಡು ವರ್ಷ ಯಂತ್ರ ಕಟ್ಟಿಸಿದೆವು. ಆ ಎರಡು ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತೆ.

ಗುರುಕೃಪೆ: ಯಂತ್ರ ಕಟ್ಟಿದವನು ಸರಿ ಇರಲಿಲ್ಲ, ಅದು ದೇವರ ತಪ್ಪಾ? ಕಬ್ಬಿಣದ ಬೀಗದ ಕೈ ಹಿಡಿಸಿದರೆ ಮೂರ್ಛೆ ನಿಲ್ಲುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನೇರ ಮಾತು: ನೀವು ನೋಡಿದ್ದು ಫಿಟ್ಸ್ ತಾನಾಗೇ ನಿಂತಿದ್ದನ್ನು! ಬಹಳಷ್ಟು ಸಲ ಎರಡು ಮೂರು ನಿಮಿಷಕ್ಕೆ ಅದೇ ನಿಲ್ಲುತ್ತೆ. ನೀವು ಬೀಗದ ಕೈ ಹುಡುಕುವ ಹೊತ್ತಿಗೆ ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಬಾಯಿಗೆ ಏನೂ ತುರುಕಬೇಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ. ನಿಮ್ಮಂಥವರಿಂದಲೇ ಜನ ಸಾಯುತ್ತಿರುವುದು!

ಚಾಮರಾಜನಗರ ಮೇಷ್ಟ್ರು: ಸಾಯುವ ಮಾತು ಬೇಡ ಸ್ವಾಮಿ. ಇಲ್ಲಿ ಕಾಯಿಲೆ ಇರುವ ಹೆಣ್ಣುಮಗಳು ಓದುತ್ತಿದ್ದಾರೆ.

ನೇರ ಮಾತು: ಓದಲಿ ಅಂತಲೇ ಬರೆದೆ. ಮೆತ್ತಗೆ ಹೇಳಿದ್ದಕ್ಕೇ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಮಳವಳ್ಳಿ ಸೊಸೆ: ನಾನು ಬಿಸಿನೀರಿನ ಬಗ್ಗೆ ಕೇಳಲಿಲ್ಲ, ಬೀಗದ ಕೈ ಬಗ್ಗೆಯೂ ಕೇಳಲಿಲ್ಲ. ಮಾತ್ರೆ ಬಿಡುತ್ತೇನೆ ಅಂತಲೂ ಹೇಳಿಲ್ಲ. ಮುಂದಿನ ಸೋಮವಾರ ನಂಜನಗೂಡಿಗೆ ಹೋಗುತ್ತೇನೆ. ಅತ್ತೆ ಜೊತೆಗೆ ಬರುತ್ತಾರೆ, ಡಬ್ಬಿ ಅವರ ಚೀಲದಲ್ಲಿ ಇರುತ್ತೆ.

ಗುರುಕೃಪೆ: ಹೋಗಿ ಬನ್ನಿ ತಾಯಿ. ಆದರೆ ಮುಳುಗಿದರೇ ಹರಕೆ ತೀರುವುದು.

ವಾರ್ಡ್ ಅಕ್ಕ: ಮುಳುಗಬೇಡಿ ಕಣಮ್ಮ. ಚೊಂಬು ತೆಗೆದುಕೊಂಡು ಹೋಗಿ.