ಹಳೇ ಐ7 ಡೆಸ್ಕ್‌ಟಾಪ್ ಇಟ್ಟುಕೊಳ್ಳುವುದಾ, ಹೊಸ ಐ5 ಲ್ಯಾಪ್‌ಟಾಪ್ ತಗೊಳ್ಳುವುದಾ?

ಪ್ರಶ್ನೆ (ಸಕಲೇಶಪುರ, ಫೋಟೋ ಸ್ಟುಡಿಯೋ):

ನಮಸ್ಕಾರ ಸರ್. ನಮ್ಮದು ಮದುವೆ, ಗೃಹಪ್ರವೇಶ, ನಾಮಕರಣದ ಫೋಟೋ ಮತ್ತು ವಿಡಿಯೋ ಕೆಲಸ. ಆಲ್ಬಂ ಡಿಸೈನ್ ಕೂಡ ನಾವೇ ಮಾಡುತ್ತೇವೆ. ಸ್ಟುಡಿಯೋದಲ್ಲಿ ಇರುವುದು ಇಂಟೆಲ್ ಐ7-4770 ಡೆಸ್ಕ್‌ಟಾಪ್. ಎಚ್81 ಬೋರ್ಡ್, 8 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಫೋಟೋ ಕೆಲಸ ಹೇಗೋ ನಡೆಯುತ್ತದೆ. ಹೊಸ ಕ್ಯಾಮೆರಾ ಬಂದ ಮೇಲೆ 4ಕೆ ವಿಡಿಯೋವನ್ನು ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್‌ಗೆ (ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿಗೆ) ಹಾಕಿದರೆ ನಿಂತು ನಿಂತು ಓಡುತ್ತದೆ.

ಅಂಗಡಿಯಲ್ಲಿ ಐ5-1235ಯು ಇರುವ ಲ್ಯಾಪ್‌ಟಾಪ್ ತೋರಿಸಿದರು. ಅದರ ವಿವರದಲ್ಲಿ 1.3 ಗಿಗಾಹರ್ಟ್ಸ್ ಅಂತ ಇದೆ. ನನ್ನದು 3.4. ನನ್ನದು ಐ7, ಅದು ಐ5. ಹೊಸದು ಅಂದ ಮಾತ್ರಕ್ಕೆ ಲ್ಯಾಪ್‌ಟಾಪ್ ಡೆಸ್ಕ್‌ಟಾಪ್ ಮುಂದೆ ನಿಲ್ಲುತ್ತದಾ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಅದಕ್ಕೂ ಲ್ಯಾಪ್‌ಟಾಪೇ ವಾಸಿನಾ?

ಉತ್ತರ (ಹಾಸನ, ಕಂಪ್ಯೂಟರ್ ಸೇಲ್ಸ್ ಮತ್ತು ಸರ್ವಿಸ್):

ನಮಸ್ಕಾರ ಸರ್. ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಫೋಟೋ ಮತ್ತು ಆಲ್ಬಂ ಕೆಲಸಕ್ಕೆ ನಿಮ್ಮ ಹಳೇ ಮಿಷನ್ ಇನ್ನೂ ಗಟ್ಟಿ ಇದೆ. ಹೊಸ ಕ್ಯಾಮೆರಾದ 4ಕೆ ವಿಡಿಯೋ ಅದರ ಕೈಲಿ ಆಗುವುದಿಲ್ಲ. ಹಾಗಂತ ದಿನವಿಡೀ ರೆಂಡರ್ ಮಾಡುವವರಿಗೆ, ಅಂದರೆ ಎಡಿಟ್ ಮಾಡಿದ್ದನ್ನು ಕೊನೆಯ ವಿಡಿಯೋ ಫೈಲ್ ಆಗಿ ಹೊರತೆಗೆಯುವವರಿಗೆ, 1235ಯು ಕೂಡ ಸರಿಯಾದ ಆಯ್ಕೆ ಅಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ದುಡ್ಡು ಹಾಕುವವರು ನೀವು.

ಐ7, ಐ5 ಅನ್ನುವ ಮೇಲು ಕೀಳು ಒಂದೇ ತಲೆಮಾರಿನ ಒಳಗೆ ಮಾತ್ರ ಲೆಕ್ಕಕ್ಕೆ ಬರುತ್ತದೆ. 4770ಯಲ್ಲಿ ಮೊದಲ ಅಂಕಿ 4, ಅಂದರೆ ನಾಲ್ಕನೇ ತಲೆಮಾರು. 2013ರಲ್ಲಿ ಬಂದದ್ದು. 1235ರಲ್ಲಿ ಮೊದಲ ಎರಡು ಅಂಕಿ 12, ಅದು 2022ರದ್ದು. ನಡುವೆ ಒಂಬತ್ತು ವರ್ಷ ಇದೆ. ಇಷ್ಟು ದೂರದ ಎರಡು ಪ್ರೊಸೆಸರ್‌ಗಳನ್ನು ಹೆಸರು ನೋಡಿ ತೂಗಲು ಆಗುವುದಿಲ್ಲ.

ಗಿಗಾಹರ್ಟ್ಸ್ ವಿಷಯವೂ ಅಷ್ಟೇ. 1.3 ಅನ್ನುವುದು 15 ವ್ಯಾಟ್‌ನೊಳಗೆ ಓಡುವಾಗಿನ ಮೂಲ ವೇಗ. ಕೆಲಸ ಬಿದ್ದಾಗ ಅದೇ ಪ್ರೊಸೆಸರ್ 4.4ರವರೆಗೆ ಏರುತ್ತದೆ. ನಿಮ್ಮ 4770 ಏರುವುದು 3.9ರವರೆಗೆ. ಜೊತೆಗೆ, ಒಂದೇ ಗಿಗಾಹರ್ಟ್ಸ್‌ನಲ್ಲಿ ಓಡಿಸಿದರೂ ಹೊಸ ಕೋರ್ (ಪ್ರೊಸೆಸರ್ ಒಳಗಿನ ಲೆಕ್ಕ ಮಾಡುವ ಘಟಕ) ಹಳೇ ಕೋರ್‌ಗಿಂತ ಜಾಸ್ತಿ ಕೆಲಸ ಮುಗಿಸುತ್ತದೆ. ಒಂದು ಕೋರ್‌ಗೆ ಒಂದು ಕೋರ್ ಇಟ್ಟು ನೋಡಿದರೆ 1235ಯು ಸುಮಾರು ಒಂದೂವರೆ ಪಟ್ಟು ಮುಂದಿದೆ. ಫೋಟೋಶಾಪ್ ತೆರೆಯುವುದು, ಒಂದು ಫಿಲ್ಟರ್ ಹಾಕುವುದು, ಬ್ರೌಸರ್, ಇಂಥ ಕೆಲಸದಲ್ಲಿ ಲ್ಯಾಪ್‌ಟಾಪ್ ಗೆಲ್ಲುತ್ತದೆ. ಅದರಲ್ಲಿ ಅನುಮಾನ ಬೇಡ.

ಎಲ್ಲಾ ಕೋರ್ ಒಟ್ಟಿಗೆ ದುಡಿಯಬೇಕಾದಾಗ ಲೆಕ್ಕ ಬದಲಾಗುತ್ತದೆ. 4770ಯಲ್ಲಿ ಇರುವುದು 4 ಕೋರ್, 8 ಥ್ರೆಡ್, ಅಂದರೆ ಒಂದೇ ಸಲಕ್ಕೆ ಎಂಟು ಕೆಲಸದ ಸಾಲು. 1235ಯುನಲ್ಲಿ 10 ಕೋರ್ ಅಂತ ಬರೆದಿರುತ್ತಾರೆ, ಆದರೆ ಅದರಲ್ಲಿ ದೊಡ್ಡ ಕೋರ್ ಎರಡೇ. ಉಳಿದ ಎಂಟು ಕರೆಂಟ್ ಉಳಿಸುವ ಸಣ್ಣ ಕೋರ್‌ಗಳು. ನಿಮ್ಮ ಡೆಸ್ಕ್‌ಟಾಪ್ ಪ್ರೊಸೆಸರ್ 84 ವ್ಯಾಟ್‌ನದ್ದು. ಮೇಲೆ ಫ್ಯಾನ್ ಇದೆ, ಕ್ಯಾಬಿನೆಟ್‌ನಲ್ಲಿ ಗಾಳಿ ಓಡಾಡುತ್ತದೆ. ಒಂದು ಗಂಟೆ ರೆಂಡರ್ ಹಾಕಿದರೂ ಮೊದಲ ನಿಮಿಷದ ವೇಗವೇ ಕೊನೆಯವರೆಗೂ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಹಾಗಲ್ಲ. 1235ಯು ಸ್ವಲ್ಪ ಹೊತ್ತು 55 ವ್ಯಾಟ್‌ವರೆಗೆ ಎಳೆಯಬಹುದು. ಬಿಸಿ ಏರಿದ ಮೇಲೆ ಕಂಪನಿಯವರು ನಿಗದಿ ಮಾಡಿದ ಮಿತಿಗೆ ಇಳಿಯುತ್ತದೆ. ತೆಳ್ಳನೆಯ ಮಾಡೆಲ್ ಆದರೆ 15 ವ್ಯಾಟ್ ಹತ್ತಿರಕ್ಕೇ ಬಂದುಬಿಡುತ್ತದೆ. ಅದಕ್ಕೇ ಒಂದೇ ಪ್ರೊಸೆಸರ್ ಇರುವ ಎರಡು ಲ್ಯಾಪ್‌ಟಾಪ್‌ಗಳ ರೆಂಡರ್ ಸಮಯ ಬೇರೆ ಬೇರೆ ಬರುತ್ತದೆ. ಇದನ್ನು ಯಾವ ಡಬ್ಬಿಯ ಮೇಲೂ ಬರೆಯುವುದಿಲ್ಲ. ಗಿರಾಕಿಗಳು ಕೇಳುವುದೂ ಇಲ್ಲ, ನನಗೆ ಬೇಜಾರಾಗುವುದು ಅದೇ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ಟೈಮ್‌ಲೈನ್ ನಿಂತು ನಿಂತು ಓಡುವುದಕ್ಕೆ ಪ್ರೊಸೆಸರ್ ಮುದಿಯಾಗಿರುವುದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹೊಸ ಕ್ಯಾಮೆರಾಗಳು ಹೆಚ್ಚಾಗಿ ಎಚ್.265 ಅನ್ನುವ ಬಗೆಯಲ್ಲಿ ವಿಡಿಯೋ ಉಳಿಸುತ್ತವೆ. ಫೈಲ್ ಚಿಕ್ಕದು, ಬಿಡಿಸುವ ಕೆಲಸ ಮಾತ್ರ ತುಂಬಾ ಭಾರ. ಹೊಸ ಪ್ರೊಸೆಸರ್‌ಗಳಲ್ಲಿ ಅದನ್ನು ಬಿಡಿಸುವುದಕ್ಕೆ ಅಂತಲೇ ಬೇರೆ ಸರ್ಕ್ಯೂಟ್ ಇರುತ್ತದೆ. ಇಂಟೆಲ್‌ನವರು ಅದಕ್ಕೆ ಕ್ವಿಕ್ ಸಿಂಕ್ ಅನ್ನುತ್ತಾರೆ. 4770ಯಲ್ಲೂ ಕ್ವಿಕ್ ಸಿಂಕ್ ಇದೆ, ಆದರೆ ಅದು ಎಚ್.264 ಕಾಲದ್ದು. ಎಚ್.265ಗೆ ಪೂರ್ತಿ ಸರ್ಕ್ಯೂಟ್ ಬಂದದ್ದು ಆರನೇ ತಲೆಮಾರಿನಲ್ಲಿ, 10 ಬಿಟ್‌ಗೆ (ಬಣ್ಣದ ಹೆಚ್ಚು ಮೆಟ್ಟಿಲು ಇರುವ ವಿಡಿಯೋಗೆ) ಏಳನೇ ತಲೆಮಾರಿನಲ್ಲಿ. ನಿಮ್ಮಲ್ಲಿ ಆ ಭಾರವೆಲ್ಲಾ ನಾಲ್ಕು ಕೋರ್‌ಗಳ ತಲೆ ಮೇಲೆ ಬೀಳುತ್ತಿದೆ. ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊದ ಹೊಸ ಆವೃತ್ತಿಗಳು ಕನಿಷ್ಠ ಆರನೇ ತಲೆಮಾರಿನ ಇಂಟೆಲ್ ಕೇಳುವುದೂ ಸುಮ್ಮನೆ ಅಲ್ಲ.

ಒಂದು ಕೆಲಸ ಮಾಡಿ. ಮೀಡಿಯಾಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಕ್ಯಾಮೆರಾದ ಒಂದು ಕ್ಲಿಪ್ ಅದರಲ್ಲಿ ತೆರೆದು, ಫಾರ್ಮ್ಯಾಟ್ ಏನಿದೆ, 8 ಬಿಟ್ಟಾ 10 ಬಿಟ್ಟಾ, 4:2:0 ಅಂತ ಇದೆಯಾ 4:2:2 ಅಂತ ಇದೆಯಾ (ಬಣ್ಣದ ವಿವರ ಎಷ್ಟು ಉಳಿಸಿದೆ ಅನ್ನುವ ಲೆಕ್ಕ ಅದು, 4:2:2ರಲ್ಲಿ ಜಾಸ್ತಿ) ನೋಡಿ ಇಲ್ಲೇ ಬರೆಯಿರಿ. ಮುಂದಿನ ಸಲಹೆ ಪೂರ್ತಿ ಅದರ ಮೇಲೆ ನಿಂತಿದೆ.

ಕರೆಂಟ್ ವಿಷಯ. ಸಾಮಾನ್ಯ 600 ವಿಎ ಯುಪಿಎಸ್‌ನಲ್ಲಿ ಇರುವುದು 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಗುಣಿಸಿದರೆ 84 ವ್ಯಾಟ್ ಅವರ್. ಮಾನಿಟರ್ ಸೇರಿ 120 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ಅದರಲ್ಲಿ ರೆಂಡರ್ ಮುಗಿಸುವುದಿಲ್ಲ. ಸೇವ್ ಮಾಡಿ ಆಫ್ ಮಾಡುವುದಕ್ಕೆ ಅಷ್ಟೇ ಅದು. ಲ್ಯಾಪ್‌ಟಾಪ್ ಇಲ್ಲಿ ವಾಸಿ, ನಿಜ. ಆದರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳು ಬ್ಯಾಟರಿ ಮೇಲೆ ವೇಗ ಇಳಿಸಿಕೊಳ್ಳುತ್ತವೆ. ರೆಂಡರ್ ಮಾಡುವವರಿಗೆ ಒಳ್ಳೆಯ ಇನ್ವರ್ಟರ್ ಹೇಗೂ ಬೇಕು.

ಪ್ರಶ್ನೆ (ಸಕಲೇಶಪುರ, ಅದೇ ಸ್ಟುಡಿಯೋ):

ನೋಡಿದೆ ಸರ್. ಎಚ್‌ಇವಿಸಿ, 10 ಬಿಟ್, 4:2:2 ಅಂತ ತೋರಿಸುತ್ತಿದೆ. ನಮ್ಮ ಹುಡುಗ ಹಳೇ ಸಿಸ್ಟಮ್‌ಗೇ ಜಿಟಿಎಕ್ಸ್ 1650 ಕಾರ್ಡ್ ಹಾಕಿಸಿದರೆ ಸಾಕು ಅನ್ನುತ್ತಾನೆ.

ಉತ್ತರ:

ಎಚ್‌ಇವಿಸಿ ಅಂದರೆ ಎಚ್.265ನ ಇನ್ನೊಂದು ಹೆಸರು. 4:2:2 ಅಂತ ಬಂದಿದ್ದರಿಂದ ಆ ಕಾರ್ಡ್‌ಗೆ ದುಡ್ಡು ಹಾಕಬೇಡಿ ಸರ್. 4:2:0 ಆಗಿದ್ದರೆ ನಿಮ್ಮ ಹುಡುಗನ ಮಾತು ಸರಿ ಇರುತ್ತಿತ್ತು, 1650 ಅದನ್ನು ಸಲೀಸಾಗಿ ಬಿಡಿಸುತ್ತದೆ. 4:2:2 ಬಿಡಿಸುವ ಸರ್ಕ್ಯೂಟ್ ಎನ್‌ವಿಡಿಯಾ ಕಾರ್ಡ್‌ಗಳಿಗೆ ಬಂದದ್ದು 2025ರ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅದಕ್ಕೂ ಮುಂಚಿನ ಎಷ್ಟೇ ದುಬಾರಿ ಕಾರ್ಡ್ ತಂದರೂ ಈ ಒಂದು ಕೆಲಸ ಮತ್ತೆ ಪ್ರೊಸೆಸರ್ ಮೇಲೆಯೇ ಬೀಳುತ್ತದೆ. ವಿಚಿತ್ರ ಅಂದರೆ, 12ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ನ ಒಳಗಿರುವ ಸಣ್ಣ ಗ್ರಾಫಿಕ್ಸ್ ಇದನ್ನು ಆರಾಮಾಗಿ ಮಾಡುತ್ತದೆ. ಹಾಗಾಗಿ ಅಂಗಡಿಯವರು ತೋರಿಸಿದ 1235ಯುನಲ್ಲೂ ನಿಮ್ಮ ಟೈಮ್‌ಲೈನ್ ನಿಲ್ಲದೆ ಓಡುತ್ತದೆ. ಎಡಿಟಿಂಗ್ ಹಗುರ ಆಗುತ್ತದೆ, ಉದ್ದದ ರೆಂಡರ್‌ನಲ್ಲಿ ಮಾತ್ರ ಬಿಸಿಯ ಮಿತಿ ಅಡ್ಡ ಬರುತ್ತದೆ.

ನಾನಾಗಿದ್ದರೆ ನಿಮ್ಮ ಸ್ಟುಡಿಯೋಗೆ ಐ5-12400 ಡೆಸ್ಕ್‌ಟಾಪ್ ಕಟ್ಟಿಸುತ್ತೇನೆ. 6 ದೊಡ್ಡ ಕೋರ್, 12 ಥ್ರೆಡ್, 65 ವ್ಯಾಟ್. ಬೋರ್ಡ್ ಮತ್ತು ರ‍್ಯಾಮ್ ಹೊಸದೇ ಬೇಕು, ನಿಮ್ಮ ಹಳೇ ಬಗೆಯ ಡಿಡಿಆರ್3 ರ‍್ಯಾಮ್ ಅದಕ್ಕೆ ಕೂರುವುದಿಲ್ಲ. ಇಲ್ಲಿ ಒಂದು ಎಚ್ಚರಿಕೆ: 12400 ಮತ್ತು 12400ಎಫ್ ಎರಡು ಬೇರೆ. ಎಫ್ ಸ್ವಲ್ಪ ಅಗ್ಗ, ಆದರೆ ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. ಅಂದರೆ ನಿಮಗೆ ಬೇಕಾದ ಆ ಕ್ವಿಕ್ ಸಿಂಕ್ಕೇ ಇಲ್ಲ. ಬಿಲ್‌ನಲ್ಲಿ ಎಫ್ ಇಲ್ಲ ಅಂತ ನೋಡಿಕೊಂಡೇ ದುಡ್ಡು ಕೊಡಿ.

ಛತ್ರದಲ್ಲೇ ಕೂತು ಎಡಿಟ್ ಮಾಡಬೇಕು, ಲ್ಯಾಪ್‌ಟಾಪೇ ಬೇಕು ಅಂದರೆ ಹೆಸರಿನ ಕೊನೆಯಲ್ಲಿ ಯು ಬದಲು ಎಚ್ ಇರುವುದನ್ನು ಕೇಳಿ. ಐ5-12450ಎಚ್ ಅಥವಾ 12500ಎಚ್. ಅವು 45 ವ್ಯಾಟ್‌ನವು, ದೊಡ್ಡ ಕೋರ್ ನಾಲ್ಕಿರುತ್ತವೆ.

ಈ ಸೀಸನ್‌ನಲ್ಲಿ ದುಡ್ಡು ಹೊಂದುವುದಿಲ್ಲ ಅಂದರೆ ಪ್ರಾಕ್ಸಿ ಮಾಡಿಕೊಂಡು ಕೆಲಸ ಮಾಡಿ. ರಾತ್ರಿ ಮಲಗುವ ಮುಂಚೆ ಎಲ್ಲಾ ಕ್ಲಿಪ್‌ಗಳಿಗೆ ಚಿಕ್ಕ ಎಚ್.264 ನಕಲು ಮಾಡಲು ಹಾಕಿ. ಬೆಳಿಗ್ಗೆ ಆ ನಕಲಿನ ಮೇಲೆ ಕಟಿಂಗ್ ಮಾಡಿ. ಕೊನೆಯ ರೆಂಡರ್‌ನಲ್ಲಿ ಸಾಫ್ಟ್‌ವೇರ್ ತಾನೇ ಮೂಲ ಫೈಲ್ ತೆಗೆದುಕೊಳ್ಳುತ್ತದೆ. ಖರ್ಚು ಇಲ್ಲ, ಸಮಯ ಹಿಡಿಯುತ್ತದೆ ಅಷ್ಟೇ.

ಹಳೇ 4770 ಮಾರಬೇಡಿ, ಆಲ್ಬಂ ಡಿಸೈನ್‌ಗೆ ಇಟ್ಟುಕೊಳ್ಳಿ. ಹಾರ್ಡ್ ಡಿಸ್ಕ್‌ಗಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ 16 ಜಿಬಿ ಮಾಡಿಸಿ. ಎಚ್81 ಬೋರ್ಡ್‌ಗೆ ಅದಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಆ ಬೋರ್ಡ್‌ನ ಡಿಸ್ಕ್ ಜೋಡಿಸುವ ನಾಲ್ಕು ಸಾಟಾ ಪೋರ್ಟ್‌ಗಳಲ್ಲಿ ಎರಡಕ್ಕೆ ಮಾತ್ರ 6 ಗಿಗಾಬಿಟ್ ವೇಗ ಇದೆ. ಎಸ್‌ಎಸ್‌ಡಿ ಕೇಬಲ್ ಅದಕ್ಕೇ ಚುಚ್ಚಿಸಿ, ಇಲ್ಲದಿದ್ದರೆ ಅರ್ಧ ವೇಗ ಹೋಗುತ್ತದೆ. ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಇಷ್ಟು ವರ್ಷಕ್ಕೆ ಒಣಗಿರುತ್ತದೆ, ಬದಲಿಸಿ. ಇನ್ನೊಂದು, ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಮೇಲಿನದನ್ನೇ ಒಪ್ಪುವುದು. ಹೇಗೋ ಮಾಡಿ ಹಾಕಿಕೊಡುವವರು ಇದ್ದಾರೆ, ಆದರೆ ಅಂಥ ಮಿಷನ್‌ಗೆ ಮುಂದಿನ ಅಪ್‌ಡೇಟ್‌ಗಳ ಭರವಸೆ ಇರುವುದಿಲ್ಲ. ಬೇರೆಯವರ ಮದುವೆ ಫೋಟೋ ಇಟ್ಟುಕೊಂಡಿರುವ ಮಿಷನ್ ಅದು. ಇಂಟರ್ನೆಟ್‌ನಿಂದ ದೂರ ಇಡಿ, ಇನ್ನೊಂದು ಡಿಸ್ಕ್‌ನಲ್ಲಿ ನಕಲು ಖಂಡಿತ ಇರಲಿ.

ಪ್ರಶ್ನೆ (ಅರಸೀಕೆರೆ, ಪ್ರಿಂಟಿಂಗ್ ಪ್ರೆಸ್):

ಸರ್, ನಮ್ಮಲ್ಲಿ ಐ5-3470 ಇದೆ. ನುಡಿ, ಪೇಜ್‌ಮೇಕರ್, ಲಗ್ನಪತ್ರಿಕೆ ಕೆಲಸ. ತುಂಬಾ ಸ್ಲೋ. ನಾವೂ 12ನೇ ತಲೆಮಾರಿಗೆ ಹೋಗಬೇಕಾ?

ಉತ್ತರ:

ಬೇಡ ಮೇಡಂ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ 3470ಯೇ ಬೇಕಾದಷ್ಟಾಯಿತು. ಸ್ಲೋ ಆಗಿರುವುದು ಹಾರ್ಡ್ ಡಿಸ್ಕ್‌ನಿಂದ ಇರಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಪರ್ಸೆಂಟ್ ತೋರಿಸುತ್ತಿದ್ದರೆ ಎಸ್‌ಎಸ್‌ಡಿ ಹಾಕಿಸಿ, ಸಾಕು. ಮುಂದೆ ಎಂದಾದರೂ ಹೊಸ ಸಿಸ್ಟಮ್ ತಗೊಳ್ಳುವುದಾದರೆ, ನಿಮ್ಮ ಪ್ರಿಂಟರ್‌ಗೆ ವಿಂಡೋಸ್ 11 ಡ್ರೈವರ್ ಇದೆಯಾ ಅಂತ ಮೊದಲು ನೋಡಿ.

ಪ್ರಶ್ನೆ (ಚನ್ನರಾಯಪಟ್ಟಣದಿಂದ):

ಮಗಳಿಗೆ ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಮನೆಯಲ್ಲಿ ಹಳೇ ಐ5-4590 ಇದೆ, ಹಾಸ್ಟೆಲ್‌ಗೆ ಅದನ್ನು ಹೊರಲು ಆಗುವುದಿಲ್ಲ. ಎಎಂಡಿ ಕಂಪನಿಯ ರೈಜೆನ್ 5 7520ಯು ಮತ್ತು ರೈಜೆನ್ 5 5625ಯು, ಎರಡು ಲ್ಯಾಪ್‌ಟಾಪ್ ನೋಡಿದ್ದೇವೆ. 7000 ಸರಣಿಯದ್ದೇ ಹೊಸದು, ಅದೇ ಒಳ್ಳೆಯದು ಅಲ್ವಾ?

ಉತ್ತರ:

ಅಲ್ಲ ಸರ್, ಇಲ್ಲಿ ಐದು ಸಾವಿರದ್ದೇ ಮೇಲು. ಎಎಂಡಿಯ 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ಮೂರನೇ ಅಂಕಿ ನೋಡಬೇಕು. 7520ರಲ್ಲಿ ಅದು 2. ಅಂದರೆ 2019ರಲ್ಲಿ ಮೊದಲು ಬಂದ ಜೆನ್ 2 ವಿನ್ಯಾಸ, 4 ಕೋರ್. 5625ಯುನಲ್ಲಿ ಅದರ ಮುಂದಿನ ಜೆನ್ 3 ಇದೆ, 6 ಕೋರ್, 12 ಥ್ರೆಡ್. ಎರಡೂ ಮಾರುಕಟ್ಟೆಗೆ ಬಂದದ್ದು 2022ರಲ್ಲೇ. ನಂಬರ್ ದೊಡ್ಡದಿದೆ ಅಂತ ತಂದೆ ತಾಯಿಗಳು ಕಷ್ಟಪಟ್ಟು ಕೂಡಿಟ್ಟ ದುಡ್ಡು ಕೊಟ್ಟು ಕಡಿಮೆಯದನ್ನು ಒಯ್ಯುವುದು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಅದಕ್ಕಿಂತ ಮುಖ್ಯ ರ‍್ಯಾಮ್. 7520ಯು ಇರುವ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಆಗಿರುತ್ತದೆ. 8 ಜಿಬಿ ತಗೊಂಡರೆ ನಾಲ್ಕು ವರ್ಷವೂ 8 ಜಿಬಿಯೇ. ಆಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೋ, ಕಂಪ್ಯೂಟರ್ ಒಳಗೇ ಫೋನ್ ತೋರಿಸುವ ಎಮ್ಯುಲೇಟರ್, ಜೊತೆಗೆ ಬ್ರೌಸರ್ ತೆರೆದರೆ ಮಗಳಿಗೆ 16 ಬೇಕೇ ಬೇಕು. ಅಂಗಡಿಯಲ್ಲಿ ನಿಂತುಕೊಂಡೇ ಟಾಸ್ಕ್ ಮ್ಯಾನೇಜರ್ ತೆರೆಸಿ, ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿಸಿ. ಫಾರ್ಮ್ ಫ್ಯಾಕ್ಟರ್ ಮುಂದೆ 'ಸೋಡಿಮ್' ಅಂತ ಇದ್ದರೆ ರ‍್ಯಾಮ್ ಬಿಚ್ಚಿ ಬದಲಿಸಬಹುದು. 'ರೋ ಆಫ್ ಚಿಪ್ಸ್' ಅಂತ ಇದ್ದರೆ ಬೆಸುಗೆ ಹಾಕಿದ್ದು. ಆಗ ಖಾಲಿ ಸ್ಲಾಟ್ ಬೇರೆ ಇದೆಯಾ ಅಂತ ಕೇಳಿ, ಇಲ್ಲ ಅಂದರೆ 16 ಜಿಬಿಯ ಮಾಡೆಲ್ಲೇ ಕೊಡಿ ಅನ್ನಿ.